ಅಂಗಳ ಜಾರದಿರಲಿ, ಬೇಲಿ ಚುಚ್ಚದಿರಲಿ

ಮುಂಗಾರು ಹಿಡಿದುಕೊಂಡ ಮೇಲೆ ನಮ್ಮಂಥ ಮಲೆನಾಡಿನ ವೈದ್ಯರ ಬಳಿ ನೆಗಡಿ, ಕೆಮ್ಮು, ಜ್ವರದವರು ಸಾಲುಗಟ್ಟುವುದು ಪ್ರತಿ ವರ್ಷದ ಮಾತು. ಆ ಸಾಲನ್ನು ದಾಟಿಕೊಂಡು ನಾಲ್ಕು ಜನ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಒಳಗೆ ಬಂದರೆಂದರೆ, ಅದರಲ್ಲಿ ಯಾರಿರುತ್ತಾರೆ, ಏನಾಗಿರುತ್ತದೆ ಎಂಬುದನ್ನು ಕೇಳುವ ಮೊದಲೇ ಹೇಳಬಹುದು. ವಯಸ್ಸು ಎಪ್ಪತ್ತರ ಆಸುಪಾಸು. ಹೆಚ್ಚಾಗಿ ಹೆಂಗಸರು. ಸೀರೆಯ ಒಂದು ಮಗ್ಗುಲಿಗೆ ಹಸಿರು ಹಾವಸೆ ಮೆತ್ತಿಕೊಂಡಿರುತ್ತದೆ. ಒಂದು ಕಾಲು ಇನ್ನೊಂದಕ್ಕಿಂತ ತುಸು ಗಿಡ್ಡವಾದಂತೆ ಕಾಣುತ್ತದೆ. ಪಾದ ಹೊರಗಡೆಗೆ ಹೊರಳಿರುತ್ತದೆ.

“ಎಲ್ಲಿ ಬಿದ್ರಿ ಅಮ್ಮಾ?” ಎಂದರೆ ಬರುವ ಉತ್ತರವೂ ಒಂದೇ. “ಎಲ್ಲೂ ಹೋಗಿರ್ಲಿಲ್ಲ ಡಾಕ್ಟ್ರೇ, ಮನೆ ಹಿಂದೇನೇ. ಬಚ್ಚಲಿಗೆ ಸೌದೆ ತರೋಣ ಅಂತ ಹೋದೆ.”

ತೊಡೆಯ ಮೂಳೆ ಸೊಂಟದ ಕೀಲಿಗೆ ಸೇರುವಲ್ಲಿ ಸಣ್ಣಗಾಗಿ ಒಂದು ಕುತ್ತಿಗೆಯಂತಿರುತ್ತದೆ. ಮುಟ್ಟು ನಿಂತ ನಂತರ ಹೆಂಗಸರ ಮೂಳೆಗಳಲ್ಲಿ ಸುಣ್ಣದ ಅಂಶ ವೇಗವಾಗಿ ಕಡಿಮೆಯಾಗುತ್ತ ಬರುತ್ತದೆ. ಗಂಡಸರಲ್ಲಿಯೂ ಆಗುತ್ತದೆ, ಸ್ವಲ್ಪ ತಡವಾಗಿ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಹೀಗೆ ಟೊಳ್ಳಾದ ಮೂಳೆ ಮುರಿಯಲು ಮಹಡಿಯಿಂದಲೇ ಬೀಳಬೇಕಾಗಿಲ್ಲ. ನಿಂತಲ್ಲಿಂದ ಮಗ್ಗುಲಿಗೆ ಬಿದ್ದರೂ ಸಾಕು. ಮುರಿದ ಮೇಲೆ ಹಾಸಿಗೆ ಹಿಡಿದವರಿಗೆ ಬೆನ್ನಿನ ಹುಣ್ಣು, ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಒಂದರ ಹಿಂದೊಂದು ಕಾದಿರುತ್ತವೆ. ವೃದ್ಧರು ಮೂಳೆ ಮುರಿದುದರಿಂದ ಸಾಯುವುದು ಕಡಿಮೆ, ಮಲಗಿದ್ದರಿಂದ ಸಾಯುವುದೇ ಹೆಚ್ಚು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. 2018ರ ಆಷಾಢದಲ್ಲಿ ಆ ಕುರ್ಚಿಯಲ್ಲಿ ಕುಳಿತು ಬಂದವರು ನನ್ನ ತಾಯಿ. ತಿಂಗಳಿಗೊಮ್ಮೆ ಊರಿಗೆ ಹೋದಾಗಲೆಲ್ಲ ಅವರ ರಕ್ತದೊತ್ತಡ ನೋಡುತ್ತಿದ್ದೆ, ಮಾತ್ರೆ ತಪ್ಪಿಸಿದಿರಾ ಎಂದು ಗದರುತ್ತಿದ್ದೆ. ಹಿಂಬಾಗಿಲಿನಿಂದ ಬಚ್ಚಲುಮನೆಗೆ ಹೋಗುವ ಹನ್ನೆರಡು ಹೆಜ್ಜೆಯ ದಾರಿ ಹಾವಸೆಗಟ್ಟಿ ಕರ್ರಗಾಗಿದ್ದುದನ್ನು ನಾನೂ ತುಳಿದೇ ಓಡಾಡಿದ್ದೆ. ಒಮ್ಮೆ ಜಾರಿ ಗೋಡೆ ಹಿಡಿದುಕೊಂಡಿದ್ದೂ ನೆನಪಿದೆ. “ಇದನ್ನೊಂದು ದಿನ ಉಜ್ಜಿಸಬೇಕು” ಎಂದಿದ್ದೆ, ಅಷ್ಟೇ. ರೋಗಿಗಳಿಗೆ ಉಪದೇಶ ಮಾಡುವ ವೈದ್ಯನ ಮನೆಯ ಕಥೆ ಇದು. ಮೂರನೆಯ ದಿನ ಶಸ್ತ್ರಚಿಕಿತ್ಸೆಯಾಗಿ, ತೊಡೆಮೂಳೆಯ ಚೆಂಡಿನಂಥ ಭಾಗವನ್ನು ಬದಲಿಸಿದರು. ವಾಕರ್ ಹಿಡಿದು ತುಳಸಿಕಟ್ಟೆಯವರೆಗೆ ನಡೆಯಲು ನವರಾತ್ರಿಯವರೆಗೆ ಕಾಯಬೇಕಾಯಿತು. ಆ ವರ್ಷ ಹಿತ್ತಲಿನ ಬಸಳೆ ಚಪ್ಪರದ ಕಡೆಗೆ ಅವರು ಹೋಗಲೇ ಇಲ್ಲ.

ಆದ್ದರಿಂದ ಈ ವಾರ ಔಷಧಿಯ ಬಗ್ಗೆ ಬರೆಯದೆ ನಿಮ್ಮ ಮನೆಯ ಸುತ್ತಲಿನ ಹತ್ತಿಪ್ಪತ್ತು ಗಜ ನೆಲದ ಬಗ್ಗೆ ಬರೆಯುತ್ತಿದ್ದೇನೆ.

ಹಿಂದಿನವರು ಏನು ಮಾಡುತ್ತಿದ್ದರು?

ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದೂ ಬಹುಪಾಲು ನಾಲ್ಕು ತಿಂಗಳಲ್ಲಿ. ಇಂಥ ನಾಡಿನಲ್ಲಿ ಬಾಳಿದವರಿಗೆ ಅಂಗಳ ಜಾರುತ್ತದೆಂಬುದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಮಳೆಗಾಲಕ್ಕೆ ಮೊದಲು ಅಂಗಳದಲ್ಲಿ ಓಡಾಡುವ ದಾರಿಗೆ ಅಡಿಕೆ ಸೋಗೆ ಹಾಸುತ್ತಿದ್ದರು. ಕೊಟ್ಟಿಗೆಗೆ, ಬಾವಿಗೆ ಹೋಗುವಲ್ಲಿ ಅಡಿಕೆ ದಬ್ಬೆಗಳನ್ನು ಅಡ್ಡಡ್ಡ ಜೋಡಿಸುತ್ತಿದ್ದರು. ಕೊಳೆತರೆ ಬದಲಿಸುತ್ತಿದ್ದರು. ಮಳೆ ಮುಗಿದ ಮೇಲೆ ಅಂಗಳ ಕೆತ್ತಿ, ಬಡಿದು, ಸೆಗಣಿ ಸಾರಿಸಿದರೆ ಅಡಿಕೆ ಒಣಗಿಸಲು ಹೊಸ ಅಂಗಳವೇ ಸಿದ್ಧ.

ಈಗ ಅಂಗಳಕ್ಕೆ ಸಿಮೆಂಟು ಬಂದಿದೆ. ಅಡಿಕೆ ಒಣಗಿಸಲು, ಗುಡಿಸಲು ಅನುಕೂಲವೇ. ಆದರೆ ಮೇಸ್ತ್ರಿ ತನ್ನ ಕೈಚಳಕ ತೋರಿಸಲೆಂದು ಕರಣೆಯಲ್ಲಿ ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿಕೊಡುತ್ತಾನೆ, ನಾವೂ ಭೇಷ್ ಎನ್ನುತ್ತೇವೆ. ಮಣ್ಣಿನ ಅಂಗಳ ಹೋಯಿತು, ಅದರ ಜೊತೆಗೆ ಸೋಗೆ ಹಾಸುವ ರೂಢಿಯೂ ಹೋಯಿತು. ಉಳಿದದ್ದು ನುಣುಪು ನೆಲ ಮತ್ತು ಅದರ ಮೇಲೆ ಹಾವಸೆ. ನನ್ನ ಮಟ್ಟಿಗೆ ಹೇಳುವುದಾದರೆ, ಸೋಗೆ ಹಾಸಿದ ಅಂಗಳದಲ್ಲಿ ಬಿದ್ದವರಿಗಿಂತ ಸಿಮೆಂಟಿನಂಗಳದಲ್ಲಿ ಬಿದ್ದವರನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ. ಸೋಗೆ ಸಿಗುವವರು ಇಂದಿಗೂ ಧಾರಾಳವಾಗಿ ಹಾಸಬಹುದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ದಾರಿಯನ್ನು ಸರಿಪಡಿಸುವುದು

ಹಾವಸೆಗೆ ಬೇಕಾದದ್ದು ಎರಡೇ, ನೆರಳು ಮತ್ತು ತೇವ. ಮೊದಲು ತಲೆಯೆತ್ತಿ ನೋಡಿ. ದಾರಿಯ ಮೇಲೆ ಪೇರಲೆಯದೋ ದಾಸವಾಳದ್ದೋ ಕೊಂಬೆ ಬಾಗಿದ್ದರೆ ಬಿಸಿಲು ಬೀಳುವಷ್ಟು ಸವರಿಸಿ. ಸೂರಿನ ನೀರು ನೇರವಾಗಿ ದಾರಿಯ ಮೇಲೆ ಸುರಿಯುತ್ತಿದ್ದರೆ ಒಂದು ದೋಣಿ ಕಟ್ಟಿಸಿ ನೀರನ್ನು ಬೇರೆಡೆಗೆ ತಿರುಗಿಸಿ, ಇಲ್ಲವೇ ದಾರಿಯನ್ನೇ ಸೂರಿನ ಗೆರೆಯಿಂದ ಎರಡಡಿ ಹೊರಗೆ ತನ್ನಿ. ನಮ್ಮ ಮನೆಯಲ್ಲಿ ಆಗಿದ್ದು ಇದೇ. ಹಂಚಿನ ನೀರು ವರ್ಷಗಟ್ಟಲೆ ಅದೇ ಹನ್ನೆರಡು ಹೆಜ್ಜೆಯ ಮೇಲೆ ಬೀಳುತ್ತಿತ್ತು. ದಾರಿಯನ್ನು ಆಚೆಗೆ ಸರಿಸಿದ ಮೇಲೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು.

ದಾರಿ ನೀರು ನಿಲ್ಲುವಂತಿರಬಾರದು. ಅಡ್ಡಲಾಗಿ ಒಂದಡಿ ಅಗಲಕ್ಕೆ ಕಾಲು ಇಂಚು ಇಳಿಜಾರು ಕೊಟ್ಟರೆ ನೀರು ಹರಿದುಹೋಗುತ್ತದೆ, ನಡೆಯುವವರಿಗೆ ಓರೆ ಎನಿಸುವುದಿಲ್ಲ. ಅಗಲ ಮೂರಡಿಗೆ ಕಡಿಮೆ ಬೇಡ. ಕೈ ಹಿಡಿದು ನಡೆಸಬೇಕಾದ ಹಿರಿಯರಿದ್ದರೆ ನಾಲ್ಕಡಿ ಬೇಕು. ಹೊಸದಾಗಿ ಸಿಮೆಂಟು ಹಾಕಿಸುವವರು ಮೇಸ್ತ್ರಿಗೆ ಒಂದು ಮಾತು ಹೇಳಿ: ಕಾಂಕ್ರೀಟು ಇನ್ನೂ ಹಸಿಯಿರುವಾಗಲೇ ಕಡ್ಡಿಪೊರಕೆಯಿಂದ ಅಡ್ಡಗೆರೆ ಎಳೆಯಲಿ. ಖರ್ಚೇನೂ ಇಲ್ಲ, ಕಾಲಿಗೆ ಹಿಡಿತ ಸಿಗುತ್ತದೆ. ಆಗಲೇ ನುಣುಪಾಗಿರುವ ನೆಲಕ್ಕೆ ಉಳಿಯಿಂದ ಕಚ್ಚು ಹಾಕಿಸಬಹುದು. ಕಲ್ಲು ಹಾಸುವುದಾದರೆ ಒರಟು ಚಪ್ಪಡಿ ಒಳ್ಳೆಯದು. ಪಾಲಿಶ್ ಮಾಡಿದ ಕಡಪ ಕಲ್ಲು, ಗ್ರಾನೈಟು ಮಳೆ ಬೀಳುವ ಜಾಗಕ್ಕೆ ಖಂಡಿತ ಬೇಡ. ಕಲ್ಲುಗಳ ಅಂಚು ಒಂದೇ ಮಟ್ಟದಲ್ಲಿರಲಿ. ವಯಸ್ಸಾದವರು ಪಾದವನ್ನು ಹೆಚ್ಚು ಎತ್ತದೆ ಉಜ್ಜಿಕೊಂಡು ನಡೆಯುವುದರಿಂದ ಅರ್ಧ ಇಂಚು ಎದ್ದ ಕಲ್ಲಿಗೂ ಎಡವುತ್ತಾರೆ. ದುಂಡು ಜಲ್ಲಿ ಹರಡಿದ ದಾರಿ ನೋಡಲು ಚೆಂದ, ಕೋಲು ಹಿಡಿದವರಿಗೆ ಮಾತ್ರ ಶಿಕ್ಷೆ.

ಮೆಟ್ಟಿಲುಗಳ ವಿಷಯಕ್ಕೆ ಬಂದರೆ, ಎತ್ತರ ಆರು ಇಂಚು, ಪಾದವಿಡುವ ಜಾಗ ಹನ್ನೆರಡು ಇಂಚು ಇದ್ದರೆ ಮೊಣಕಾಲಿಗೆ ಹಿತ. ಅದಕ್ಕಿಂತ ಮುಖ್ಯವಾದದ್ದು ಎಲ್ಲ ಮೆಟ್ಟಿಲೂ ಒಂದೇ ಅಳತೆಯಲ್ಲಿರುವುದು. ಎರಡು ಮೆಟ್ಟಿಲು ಹತ್ತಿದ ಕಾಲು ಮೂರನೆಯದೂ ಅಷ್ಟೇ ಇರುತ್ತದೆಂದು ನಂಬುತ್ತದೆ. ಗಾಲಿಕುರ್ಚಿ ಬಳಸುವವರಿದ್ದರೆ ಇಳಿಜಾರು ಕಟ್ಟಿಸಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕಾಗುತ್ತದೆ. ಜಾಗವಿಲ್ಲವೆಂದು ಆರಡಿಯಲ್ಲೇ ಮುಗಿಸಿದರೆ ಅದು ಜಾರುಬಂಡೆಯಾಗುತ್ತದೆ. ಹಿಡಿದುಕೊಳ್ಳಲು ಮೂರಡಿ ಎತ್ತರದಲ್ಲಿ ಒಂದು ಕಂಬಿ ಹಾಕಿಸಿ. ಎರಡು ಕಂಬ, ಒಂದು ಜಿ.ಐ. ಪೈಪು, ಒಂದು ದಿನದ ವೆಲ್ಡಿಂಗ್ ಕೆಲಸ. ಮಗ ವಿದೇಶದಲ್ಲಿರುವ ಮನೆಗಳಲ್ಲಿ ಕ್ಯಾಮೆರಾ ಹಾಕಿಸುತ್ತಾರೆ. ಬಿದ್ದದ್ದನ್ನು ಅಲ್ಲಿಂದ ನೋಡುವುದಕ್ಕಿಂತ ಬೀಳದಂತೆ ಇಲ್ಲೊಂದು ಪೈಪು ನಿಲ್ಲಿಸುವುದು ಮೇಲಲ್ಲವೇ?

ಹಾವಸೆಯನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಗಟ್ಟಿ ಪೊರಕೆ, ನೀರಿನಿಂದ ತಿಕ್ಕಿಸಬೇಕು. ಬಿಡದಿದ್ದರೆ ಬ್ಲೀಚಿಂಗ್ ಪುಡಿ ಕರಗಿಸಿದ ನೀರು ಹಾಕಿ, ಹತ್ತು ಹದಿನೈದು ನಿಮಿಷ ಬಿಟ್ಟು ಉಜ್ಜಿ, ಚೆನ್ನಾಗಿ ತೊಳೆಯಬಹುದು. ಕೈಗೆ ರಬ್ಬರ್ ಗವಸಿರಲಿ, ತೊಳೆದ ನೀರು ಬಾವಿಯ ಕಡೆ ಹರಿಯದಿರಲಿ. ಆದರೆ ಇನ್ನೂ ಬೇಗ ಹೋಗಲಿ ಎಂದು ಅದಕ್ಕೆ ಕಕ್ಕಸು ತೊಳೆಯುವ ಆ್ಯಸಿಡನ್ನು ಎಂದೂ ಬೆರೆಸಬೇಡಿ. ಬ್ಲೀಚಿಂಗ್ ಪುಡಿ ಮತ್ತು ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಕಣ್ಣು ಉರಿ, ಎದೆ ಬಿಗಿತ, ಕೆಮ್ಮಿನಿಂದ ಶುರುವಾಗಿ ಶ್ವಾಸಕೋಶಕ್ಕೆ ನೀರು ತುಂಬುವವರೆಗೂ ಹೋಗಬಹುದು. ಆಸ್ತಮಾ ಇದ್ದವರಿಗಂತೂ ಹೇಳುವುದೇ ಬೇಡ.

ಜಾರುವುದು ನೆಲ ಮಾತ್ರವಲ್ಲ

ದಾರಿಯನ್ನು ಎಷ್ಟೇ ಸರಿಮಾಡಿಸಿದರೂ ನಡೆಯುವವರ ದೇಹದ ಕಡೆಗೂ ಗಮನ ಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳು, ನಿದ್ರೆ ಮಾತ್ರೆಗಳು, ಪ್ರಾಸ್ಟೇಟ್ ತೊಂದರೆಗೆ ಕೊಡುವ ಕೆಲವು ಔಷಧಿಗಳು ಮಲಗಿದವರು ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರಿಸುತ್ತವೆ. ಬೆಳಗಿನ ಜಾವ ಎದ್ದವರು ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು ಆಮೇಲೆ ಹೊರಡಲಿ. ತಲೆ ತಿರುಗುತ್ತದೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರಿಗೆ ಹೇಳಿದರೆ ಪ್ರಮಾಣ ಬದಲಿಸುತ್ತಾರೆ. ಕಣ್ಣಿನ ಪೊರೆ ಬಂದವರಿಗೆ ಮಬ್ಬು ಬೆಳಕಿನಲ್ಲಿ ಮೆಟ್ಟಿಲಿನ ಅಂಚು ಕಾಣುವುದಿಲ್ಲ. ದೂರಕ್ಕೂ ಓದಲಿಕ್ಕೂ ಒಂದೇ ಆಗಿರುವ ಕನ್ನಡಕ ಹಾಕಿದವರು ಮೆಟ್ಟಿಲಿಳಿಯುವಾಗ ಓದುವ ಭಾಗದಿಂದ ನೆಲ ನೋಡುತ್ತಾರೆ, ನೆಲ ಮಸುಕಾಗಿ ಕಾಣುತ್ತದೆ. ಇಂಥವರು ಹೊರಗೆ ಓಡಾಡಲು ದೂರದೃಷ್ಟಿಯ ಕನ್ನಡಕವನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಇನ್ನು ಚಪ್ಪಲಿ. ಒಳಗೆ ಹಾಕಿ ಹಾಕಿ ಅಟ್ಟೆ ಸವೆದದ್ದನ್ನು “ಹಿತ್ತಲಿಗೆ ಇದೇ ಸಾಕು” ಎಂದು ಹಿಂಬಾಗಿಲಲ್ಲಿ ಬಿಡುವುದು ನಮ್ಮೆಲ್ಲರ ಮನೆಯ ಪದ್ಧತಿ. ಹಿತ್ತಲಿಗೆ ಬೇಕಾದದ್ದು ಹೊಸ ಚಪ್ಪಲಿ.

ಜಗಲಿ ಮತ್ತು ಮನೆಮುಂದಿನ ಕಟ್ಟೆ

ನಗರದ ಓದುಗರು “ನಮಗೆ ಬಚ್ಚಲ ದಾರಿಯೂ ಇಲ್ಲ, ಹಾವಸೆಯೂ ಇಲ್ಲ” ಎಂದುಕೊಳ್ಳಬೇಡಿ. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದವರಿಗೂ ಮುಂದೊಂದು ಪುಟ್ಟ ಕಟ್ಟೆ, ಕಾರು ನಿಲ್ಲಿಸುವ ಇಳಿಜಾರು, ನಾಲ್ಕು ಹೂಕುಂಡ ಇದ್ದೇ ಇರುತ್ತವೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿಯಿಡುವ ಹೊತ್ತಿಗೆ ಹೊಳೆಯುವ ಟೈಲ್ಸು ಹಾವಸೆಗಿಂತ ಕಡಿಮೆಯೇನಲ್ಲ. ಹೊರಗಿನ ಬಳಕೆಗೆಂದೇ ಒರಟು ಮೈಯ ಟೈಲ್ಸು ಸಿಗುತ್ತದೆ, ಅಂಗಡಿಯಲ್ಲಿ ಅದರ ಮೇಲೆ ನೀರು ಚಿಮುಕಿಸಿ ಕಾಲಿಟ್ಟು ನೋಡಿಯೇ ಕೊಳ್ಳಿ. ಹಳೆಯ ಮನೆಗಳಲ್ಲಿ ಜಗಲಿಯೂ ಕೆಂಪು, ಮೆಟ್ಟಿಲೂ ಕೆಂಪು. ಎಲ್ಲಿ ಮುಗಿಯಿತು, ಎಲ್ಲಿ ಇಳಿಯಬೇಕು ಎಂಬುದು ಮಸುಕು ಕಣ್ಣಿಗೆ ತಿಳಿಯುವುದಿಲ್ಲ. ಪ್ರತಿ ಅಂಚಿಗೂ ಎರಡು ಇಂಚು ಬಿಳಿ ಬಣ್ಣದ ಪಟ್ಟಿ ಎಳೆದರೆ ಸಾಕು. ಜಗಲಿಯಲ್ಲಿ ಕೈಯಿರುವ, ಸ್ವಲ್ಪ ಎತ್ತರದ ಕುರ್ಚಿಯಿರಲಿ. ತೀರಾ ತಗ್ಗಿನದು ಏಳುವಾಗ ಮುಗ್ಗರಿಸುವಂತೆ ಮಾಡುತ್ತದೆ.

ಹೂಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಒಳಮೈ ಉಜ್ಜಿ. ಡೆಂಗಿ ತರುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ತೆಗೆದುಕೊಳ್ಳುವುದು ಏಳರಿಂದ ಹತ್ತು ದಿನ. ಅದಕ್ಕೆ ಕೆರೆ ಬೇಕಿಲ್ಲ, ಒಂದು ತಟ್ಟೆ ಸಾಕು.

ಬೇಲಿಯ ಕಡೆಗೊಂದು ನೋಟ

ಸೊಳ್ಳೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಬಿದಿರಿನ ಬೇಲಿ ಹಾಕಿಸುವವರು ಗೂಟದ ತುದಿಯನ್ನು ಗಿಣ್ಣಿಗೆ ಸರಿಯಾಗಿ ಕತ್ತರಿಸಬೇಕು. ಗಿಣ್ಣಿನಿಂದ ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಪ್ರತಿಯೊಂದು ಗೂಟವೂ ಮಳೆನೀರು ತುಂಬಿದ ಲೋಟವಾಗುತ್ತದೆ. ನೂರು ಗೂಟದ ಬೇಲಿಯೆಂದರೆ ನೂರು ಲೋಟ. ಹಾಗೆ ಕತ್ತರಿಸಿ ಆಗಿದ್ದರೆ ಮರಳು ತುಂಬಿಬಿಡಿ. ಕಾಂಪೌಂಡಿನ ಮೇಲೆ ಒಡೆದ ಶೀಸೆಯ ತಳ ನೆಟ್ಟಿರುವವರೂ ಒಮ್ಮೆ ಏಣಿ ಹಾಕಿ ನೋಡುವುದು ಲೇಸು.

ಮುಳ್ಳುತಂತಿ ಗೀರಿದಾಗ ಜನ ಮೊದಲು ಕೇಳುವುದು “ತುಕ್ಕು ಹಿಡಿದಿತ್ತಾ?” ಎಂದು. ಧನುರ್ವಾಯು ಬರುವುದು ತುಕ್ಕಿನಿಂದಲ್ಲ. ಅದರ ರೋಗಾಣು ಮಣ್ಣಿನಲ್ಲಿ, ಗೊಬ್ಬರದಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಗಾಳಿಯಾಡದ ಆಳವಾದ ಗಾಯ ಅದಕ್ಕೆ ಇಷ್ಟ. ಹೊಸ ತಂತಿ ಚುಚ್ಚಿದರೂ, ನಿಂಬೆ ಮುಳ್ಳು ಚುಚ್ಚಿದರೂ ಅಪಾಯ ಒಂದೇ. ಸಾಮಾನ್ಯವಾಗಿ ಮೂರರಿಂದ ಇಪ್ಪತ್ತೊಂದು ದಿನಗಳೊಳಗೆ ದವಡೆ ಬಿಗಿದುಕೊಳ್ಳುವುದರಿಂದ ಕಾಯಿಲೆ ಆರಂಭವಾಗುತ್ತದೆ. ಗಾಯವನ್ನು ಧಾರಾಳ ನೀರು, ಸೋಪಿನಿಂದ ತೊಳೆಯಿರಿ. ಅದಕ್ಕೆ ಸೆಗಣಿ, ಮಣ್ಣು, ಕಾಫಿಪುಡಿ ಹಚ್ಚಬೇಡಿ. ಚಿಕ್ಕಂದಿನ ಚುಚ್ಚುಮದ್ದುಗಳು ಪೂರ್ತಿಯಾಗಿದ್ದರೆ ಹತ್ತು ವರ್ಷಕ್ಕೊಮ್ಮೆ ಇನ್ನೊಂದು ಸಾಕು. ಗಾಯ ಕೊಳಕಾಗಿದ್ದು, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕು. ಹಳೆಯ ಟಿ.ಟಿ. ಬದಲಿಗೆ ಗಂಟಲಮಾರಿಗೂ ರಕ್ಷಣೆ ಕೊಡುವ ಟಿ.ಡಿ. ಚುಚ್ಚುಮದ್ದು ಸರ್ಕಾರಿ ಕಾರ್ಯಕ್ರಮದಲ್ಲಿ 2019ರಿಂದ ಬಂದಿದೆ. ಅರವತ್ತು ದಾಟಿದ ಬಹಳ ಹೆಂಗಸರಿಗೆ ಚಿಕ್ಕಂದಿನ ಚುಚ್ಚುಮದ್ದೇ ಆಗಿರುವುದಿಲ್ಲ, ಕೊನೆಯದು ಹೆರಿಗೆಯ ಕಾಲದ್ದಾಗಿರುತ್ತದೆ. ಹಿತ್ತಲಿನಲ್ಲಿ ಹೆಚ್ಚು ಕೆಲಸ ಮಾಡುವವರು ಅವರೇ.

ಜೀವಂತ ಬೇಲಿ ಒಳ್ಳೆಯದು, ಆದರೆ ಏನು ನೆಟ್ಟಿದ್ದೀರಿ ಎಂಬುದು ಗೊತ್ತಿರಲಿ. ಕಳ್ಳಿಬೇಲಿ ಸವರುವಾಗ ಅದರ ಹಾಲು ಕಣ್ಣಿಗೆ ಸಿಡಿದರೆ ತೀವ್ರ ಉರಿ, ಕೆಲವರಿಗೆ ಮರುದಿನ ಕಣ್ಣೇ ಮಂಜಾಗುತ್ತದೆ. ತಕ್ಷಣ ಕನಿಷ್ಠ ಹದಿನೈದು ನಿಮಿಷ ಶುದ್ಧ ನೀರು ಸುರಿಯುತ್ತಲೇ ಇದ್ದು ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಕಾಡುಹರಳಿನ ಬೀಜವನ್ನು ಮಕ್ಕಳು ಕಡಲೆಬೀಜದಂತೆ ತಿಂದು ವಾಂತಿಭೇದಿಯಾಗಿ ಬರುತ್ತಾರೆ. ಕಣಗಿಲೆ ಇನ್ನೂ ಕೆಟ್ಟದ್ದು, ಅದರಲ್ಲೂ ಹಳದಿ ಹೂವಿನದರ ಬೀಜ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಸಣ್ಣ ಮಕ್ಕಳಿರುವ ಮನೆಯ ಬೇಲಿಗೆ ದಾಸವಾಳ ಸಾಲದೇ?

ಕಾಡುಪ್ರಾಣಿಗಳ ಕಾಟಕ್ಕೆಂದು ಮನೆಯ ಕರೆಂಟನ್ನು ನೇರವಾಗಿ ಬೇಲಿಯ ತಂತಿಗೆ ಕೊಡುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ, ಮನೆಯವರೇ ಸಾಯಬಹುದು. ಅಂಗಳಕ್ಕೆ ದೀಪ, ಪಂಪು ಇರುವವರೆಲ್ಲ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿಕೊಂಡಿರಬೇಕು. ವಿದ್ಯುತ್ ಸೋರಿದ ಕ್ಷಣದಲ್ಲೇ ಅದು ಸಂಪರ್ಕ ಕಡಿಯುತ್ತದೆ.

ಕಾಡುಗಲ್ಲು ಪೇರಿಸಿದ ಪಾಗಾರದ ಸಂದುಗಳಲ್ಲಿ, ಬೇಲಿಗೆ ಒರಗಿಸಿದ ಸೌದೆ, ಹಂಚಿನ ರಾಶಿಯಲ್ಲಿ ಇಲಿ ಇರುತ್ತದೆ. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ರಾಶಿಯನ್ನು ನಡೆಯುವ ದಾರಿಯಿಂದ ದೂರ ಇಡಿ. ದಾರಿಯ ಎರಡೂ ಬದಿ ಹುಲ್ಲು ಸವರಿಸಿ, ರಾತ್ರಿ ಬ್ಯಾಟರಿ ಇಲ್ಲದೆ ಇಳಿಯಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕಾಲನ್ನು ಅಲ್ಲಾಡಿಸದೆ ಹಾವಿನ ವಿಷಕ್ಕೆ ಮದ್ದಿರುವ ಆಸ್ಪತ್ರೆಗೆ ಸೀದಾ ಕರೆದೊಯ್ಯಿರಿ.

ಆದರೂ ಬಿದ್ದರೆ?

ಎಷ್ಟೇ ಎಚ್ಚರವಹಿಸಿದರೂ ಒಬ್ಬರು ಬಿದ್ದರು ಎಂದಿಟ್ಟುಕೊಳ್ಳಿ. ಮೊದಲ ತಪ್ಪು ಕಂಕುಳಿಗೆ ಕೈಹಾಕಿ ಎಬ್ಬಿಸಿ ನಿಲ್ಲಿಸುವುದು. ಎರಡನೆಯ ತಪ್ಪು ನಮ್ಮ ಕಡೆಯ ಆ ಕುರ್ಚಿ. ಸೊಂಟದ ಮೂಳೆ ಮುರಿದವರನ್ನು ಕೂರಿಸಬಾರದು. ಮಲಗಿದ್ದಂತೆಯೇ ಎರಡು ಕಾಲುಗಳ ನಡುವೆ ದಿಂಬಿಟ್ಟು, ಎರಡನ್ನೂ ಸೇರಿಸಿ ಬಟ್ಟೆಯಿಂದ ಕಟ್ಟಿ, ಹಲಗೆಯ ಮೇಲೋ ಬಿಗಿಯಾಗಿ ಹಿಡಿದ ಜಮಖಾನದಲ್ಲೋ ಸಾಗಿಸಬೇಕು. 108ಕ್ಕೆ ಕರೆ ಮಾಡಿದರೆ ಅವರ ಬಳಿ ಸ್ಟ್ರೆಚರ್ ಇರುತ್ತದೆ. ಎಣ್ಣೆ ತಿಕ್ಕುವುದು, ಎಳೆದು ಕಟ್ಟಿಸುವುದು ಬೇಡ. ಕೆಲವೊಮ್ಮೆ ಮುರಿದ ಮೂಳೆ ಒಂದರೊಳಗೊಂದು ಸಿಕ್ಕಿಕೊಂಡು, ಬಿದ್ದವರು ಕುಂಟುತ್ತ ಎರಡು ದಿನ ನಡೆದಾಡುವುದೂ ಉಂಟು. ಬಿದ್ದ ಮೇಲೆ ತೊಡೆಸಂದಿಯ ನೋವು ಉಳಿದಿದ್ದರೆ, ನಡೆದಾಡುತ್ತಿದ್ದರೂ ಎಕ್ಸ್‌ರೇ ತೆಗೆಸಿ. “ಇಷ್ಟು ವಯಸ್ಸಿಗೆ ಆಪರೇಷನ್ ಯಾಕೆ?” ಎನ್ನುವ ನೆಂಟರು ಎಲ್ಲ ಊರಿನಲ್ಲೂ ಇದ್ದಾರೆ. ಹೃದಯ, ಶ್ವಾಸಕೋಶ ತಡೆದುಕೊಳ್ಳುವಂತಿದ್ದರೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿ ಬೇಗ ಎಬ್ಬಿಸಿ ನಡೆಸುವುದೇ ವಯಸ್ಸಾದವರಿಗೆ ಹೆಚ್ಚು ಕ್ಷೇಮ. ನಂತರ ಮೂಳೆ ಗಟ್ಟಿಯಾಗಿಸುವ ಚಿಕಿತ್ಸೆಯ ಬಗ್ಗೆ ಕೇಳಿ. ಒಮ್ಮೆ ಮುರಿದವರಿಗೆ ಇನ್ನೊಂದು ಕಡೆಯೂ ಮುರಿಯುವ ಸಂಭವ ಹೆಚ್ಚು.

ನಮ್ಮ ಮನೆಯಲ್ಲಿ ಬಚ್ಚಲ ದಾರಿಯ ಪಕ್ಕ ಕಂಬಿ ಬಂದು ಕೆಲವು ವರ್ಷಗಳಾದವು. ಅಮ್ಮ ಅದರ ಮೇಲೆ ಒದ್ದೆ ಬಟ್ಟೆ ಹರವುತ್ತಾರೆ. ಹೋದ ಬಾರಿ ಊರಿಗೆ ಹೋದಾಗ ಬಟ್ಟೆಗಳನ್ನೆಲ್ಲ ತೆಗೆದು ಹಗ್ಗಕ್ಕೆ ಹಾಕಿದೆ. “ಕಂಬಿ ಖಾಲಿ ಇತ್ತಲ್ಲ ಮಗಾ, ಅದಕ್ಕೇ ಹಾಕಿದೆ” ಎಂದರು. ಬಟ್ಟೆಯಿಂದ ತೊಟ್ಟಿಕ್ಕಿದ ನೀರು ದಾರಿಯ ಮೇಲೆ ಒಂದು ಗೇಣು ಹಸಿರಾಗಿತ್ತು. ಪೊರಕೆ ತಂದು ತಿಕ್ಕಿದೆ.